ಕಲ್ಲಿಗೆ ಸಿಗದ ಕಪ್ಪೆಗಳು



ಬೆಂಗಳೂರಿನ ನಮ್ಮ ಬ್ಯಾಡರಹಳ್ಳಿಯಲ್ಲಿ ಮನೆಗೆ ಪಾಯ ತೋಡಿದರೂ, ಬೋರ್‌ವೆಲ್ ಕೊರೆಸಿದರೂ ಕೆಳಗೆ ಸಿಗುವುದು ಲಾಲ್‌ಬಾಗಿನ ಬಂಡೆಯ ಜಾತಿಯ ಕಲ್ಲೇ. ಲಾಲ್‌ಬಾಗಿನ ಬಂಡೆಗೆ ವಯಸ್ಸು ಸುಮಾರು 300 ಕೋಟಿ ವರ್ಷ. ಅದು ಹುಟ್ಟಿದಾಗ ಭೂಮಿಯಲ್ಲಿ ಬೆನ್ನುಮೂಳೆಯ ಪ್ರಾಣಿಯೇ ಇರಲಿಲ್ಲ. ಎಷ್ಟು ಆಳಕ್ಕೆ ಹೋದರೂ ಅದರಲ್ಲಿ ಹಳೆಯ ಕಪ್ಪೆಯ ಕುರುಹು ಸಿಗದು. ಹಾಗೆಂದು ಈ ನಾಡಿನಲ್ಲಿ ಹಿಂದೆಂದೂ ಕಪ್ಪೆಗಳೇ ಇರಲಿಲ್ಲ ಎನ್ನಲಾದೀತೆ?

ಕಪ್ಪೆ ಕಲ್ಲಿನಲ್ಲಿ ಉಳಿದದ್ದನ್ನು ನೋಡಲು ಮುಂಬೈಯ ವರ್ಲಿ ಗುಡ್ಡಕ್ಕೆ ಹೋಗೋಣ. ಸುಮಾರು 6.5 ಕೋಟಿ ವರ್ಷಗಳ ಹಿಂದೆ, ದಖನ್ನಿನ ಲಾವಾ ಉಕ್ಕಿ ನಿಂತ ಬಿಡುವಿನಲ್ಲಿ ಅಲ್ಲಿ ನೀರು ನಿಂತಿತ್ತು. ತಳದ ನುಣುಪು ಕೆಸರು ಪದರ ಪದರವಾಗಿ ಕಲ್ಲಾಯಿತು. ಆ ಪದರ ಸೀಳಿದಾಗ ಬೆರಳಿನ ಗೆಣ್ಣಿನಷ್ಟು ಪುಟ್ಟ ಕಪ್ಪೆಗಳ ಅಸ್ಥಿಪಂಜರಗಳು ಕಂಡವು. 1847ರಲ್ಲಿ ರಿಚರ್ಡ್ ಓವನ್ ಅವನ್ನು ವರ್ಣಿಸಿದರು. 1930ರಲ್ಲಿ ಜಿ. ಕೆ. ನೋಬಲ್ ಅವಕ್ಕೆ ಇಂಡೋಬ್ಯಾಟ್ರಾಕಸ್ ಎಂದು ಹೆಸರಿಟ್ಟರು. ಹೆಚ್ಚುಕಡಿಮೆ ಅದೇ ಕಾಲದ ತೆಲಂಗಾಣದ ನಸ್ಕಲ್ ಪದರಗಳಲ್ಲಿ ಉಳಿದಿರುವುದು ಕಪ್ಪೆಗಳ ಬರೀ ಮೂಳೆ ಚೂರುಗಳು.

ಕಪ್ಪೆಯ ಮೂಳೆ ತೆಳು. ಸಹ್ಯಾದ್ರಿಯ ಮಳೆಕಾಡಿನ ಆಮ್ಲೀಯ ಮಣ್ಣು ಅದನ್ನು ಕರಗಿಸಿಬಿಡುತ್ತದೆ. ಹಾಗಾಗಿ ಅಲ್ಲಿನ ಕಪ್ಪೆಗಳ ಹಳೆಯ ಕಥೆಗೆ ಬೇರೆ ಸಾಕ್ಷಿ ಬೇಕು. 2003ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರೊಬ್ಬರು ಕೇರಳದ ನೇರಳೆ ಕಪ್ಪೆಯನ್ನು ಲೋಕಕ್ಕೆ ಪರಿಚಯಿಸಿದರು. ಅದರ ಹತ್ತಿರದ ನೆಂಟರು ಕಡಲಾಚೆಯ ಸೇಶೆಲ್ಸ್ ದ್ವೀಪಗಳಲ್ಲಿದ್ದಾರೆ. ಆ ನೆಂಟಸ್ತನ ತಿಳಿದದ್ದು ಕಲ್ಲಿನಿಂದಲ್ಲ, ಜೀವಂತ ಕಪ್ಪೆಯ ಡಿಎನ್‌ಎಯಿಂದ.

ಕಲ್ಲು ಕಾಯದೇ ಹೋದದ್ದು ಪ್ರಕೃತಿಯ ಪಾಡು. ನಾವೇ ಕಾಯದೇ ಹೋದದ್ದೂ ಉಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್ 1920ರಲ್ಲಿ ಕೊಡಗಿನ ಇರುಳು ಕಪ್ಪೆಯೊಂದನ್ನು ವರ್ಣಿಸಿದರು. 1937ರಲ್ಲಿ ಮಲೆನಾಡಿನ ಇನ್ನಷ್ಟು ಕಪ್ಪೆಗಳನ್ನು. ಅವರು ಕೂಡಿಟ್ಟ ಹಲವು ಮೂಲ ಮಾದರಿಗಳು ಕಳೆದುಹೋದವು. ಯಾವ ಕಪ್ಪೆಗೆ ಯಾವ ಹೆಸರು ಎಂದು ಮುಂದಿನವರು ತಡಕಾಡಬೇಕಾಯಿತು. ಕೊಡಗಿನ ಆ ಕಪ್ಪೆ ಮತ್ತೆ ಕಂಡ ವರದಿ ಬಂದದ್ದು 91 ವರ್ಷಗಳ ಬಳಿಕ, 2011ರಲ್ಲಿ. ಇನ್ನು 2020ರಲ್ಲಿ, ನಮ್ಮದೇ ನಗರದ ಹೊರವಲಯದ ಬಯಲಿನಿಂದ ಬಿಲ ತೋಡುವ ಹೊಸ ಕಪ್ಪೆಯೊಂದು ಬೆಳಕಿಗೆ ಬಂತು. ಅದರ ಹೆಸರಿನಲ್ಲೇ ಬೆಂಗಳೂರು ಇದೆ.

ಕೋಟಿ ವರ್ಷಗಳ ಕೊರತೆಯನ್ನು ನಾವು ತುಂಬಲಾರೆವು. ಈ ಮಳೆಗಾಲದ ಲೆಕ್ಕವನ್ನಂತೂ ಬರೆದಿಡಬಹುದು. ಖಾಲಿ ಸೈಟಿನಲ್ಲಿ ಕಪ್ಪೆ ವಟಗುಟ್ಟಿದರೆ ಮೊಬೈಲಿನಲ್ಲಿ ದನಿ ಹಿಡಿಯಿರಿ, ಜಾಗ ಮತ್ತು ತಾರೀಖು ಗುರುತು ಹಾಕಿ, ಬಲ್ಲವರಿಗೆ ಕಳಿಸಿ. ಆ ಸೈಟಿನಲ್ಲಿ ಮನೆ ಏಳುವ ಮೊದಲೇ ಈ ಕೆಲಸ ಆಗಬೇಕು.