ಚಕ್ಕಡಿಗೆ ಅಗಸಿ ಎಣ್ಣೆ: ಬಳಿಯುವುದು, ಒಣಗಿಸುವುದು



ಚಕ್ಕಡಿಯ ಕಟ್ಟಿಗೆ ಬಿಸಿಲಿಗೆ ಸೀಳುತ್ತದೆ, ಮಳೆಗೆ ಉಬ್ಬುತ್ತದೆ. ಇದಕ್ಕೆ ಉಪಾಯ ನಮ್ಮ ಎರೆ ಹೊಲದಲ್ಲಿ ಬೆಳೆಯುವ ಅಗಸಿಯ ಎಣ್ಣೆ. ಔಡಲೆಣ್ಣೆ ಒಣಗದು, ಅದು ಅಚ್ಚಿಗೆ ಯೋಗ್ಯ. ಶೇಂಗಾ ಎಣ್ಣೆಯೂ ಒಣಗದು, ಧೂಳು ಹಿಡಿಯುತ್ತದೆ. ಅಗಸಿ ಎಣ್ಣೆಯಾದರೋ ಗಾಳಿಯೊಡನೆ ಕೂಡಿ ಗಟ್ಟಿಯಾಗುತ್ತದೆ.

ಮೊದಲು ಮಣ್ಣು ತೊಳೆದು ಕಟ್ಟಿಗೆಯನ್ನು ಪೂರ್ತಿ ಒಣಗಿಸಿರಿ. ಬಣ್ಣದ ಅಂಗಡಿಯ 'ಬಾಯಿಲ್ಡ್' ಎಣ್ಣೆ ಬೇಗ ಒಣಗುತ್ತದೆ. ಅದನ್ನು ಅಡಿಗೆಗೆ ಮಾತ್ರ ಬಳಸಬೇಡಿರಿ. ಗಾಣದ ಹಸಿ ಎಣ್ಣೆಗೆ ವಾರಗಳೇ ಬೇಕಾದೀತು. ಅರಿವೆಯಿಂದ ತೆಳ್ಳಗೆ ಬಳಿಯಿರಿ. ಕಾಲು ತಾಸಿನ ಮೇಲೆ, ಕಟ್ಟಿಗೆ ಕುಡಿಯದೆ ಉಳಿದದ್ದನ್ನು ಒರೆಸಿರಿ. ದಪ್ಪ ಬಳಿದರೆ ಮೇಲೆ ಕೆನೆಗಟ್ಟಿ ಒಳಗೆ ಅಂಟಾಗಿಯೇ ಉಳಿಯುತ್ತದೆ. ನೆರಳೂ ಗಾಳಿಯೂ ಇರುವಲ್ಲಿ ನಿಲ್ಲಿಸಿರಿ. ಬೆರಳಿಗೆ ಅಂಟದಂತಾದ ಮೇಲೆಯೇ ಎರಡನೆಯ ಸಲ ಬಳಿಯಿರಿ.

ಇನ್ನು ಮುಖ್ಯ ಮಾತು. ಒಣಗುವಾಗ ಈ ಎಣ್ಣೆ ಕಾವು ಹುಟ್ಟಿಸುತ್ತದೆ. ಒರೆಸಿದ ಅರಿವೆಗಳನ್ನು ಮುದ್ದೆಮಾಡಿ ಒಗೆದರೆ ಕಾವು ಒಳಗೇ ಕೂಡಿ, ಕಡ್ಡಿ ಗೀರದೆಯೇ ಉರಿ ಹತ್ತಬಹುದು. 1991ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ 38 ಅಂತಸ್ತಿನ ಕಟ್ಟಡವೊಂದರಲ್ಲಿ ಇಂಥ ಅರಿವೆಗಳಿಂದಲೇ ಬೆಂಕಿ ಎದ್ದಿತು. ಆರಿಸಲು ಹೋದ ಮೂವರು ಸತ್ತರು. ನಮ್ಮಲ್ಲಿ ಅರಿವೆ ಬೀಳುವುದು ಕಣಿಕೆಯ ಬಣವಿಯ ಮಗ್ಗುಲಲ್ಲಿ. ವರ್ಷದ ಮೇವೆಲ್ಲ ಅಲ್ಲಿದೆ. ಆದ್ದರಿಂದ ಅರಿವೆಗಳನ್ನು ನೀರಲ್ಲಿ ಅದ್ದಿ, ಬಣವಿಯಿಂದ ದೂರ, ಬಯಲಲ್ಲಿ ಒಂದೊಂದಾಗಿ ಹರವಿರಿ. ಒಣಗಿ ಬಿರುಸಾದ ಮೇಲೆ ತೆಗೆಯಿರಿ.

ಕಾರಹುಣ್ಣಿವೆಯೊಳಗೆ, ಮಳೆ ಹಿಡಿಯುವ ಮುನ್ನವೇ, ಈ ಕೆಲಸ ಮುಗಿಸಿಕೊಳ್ಳಿರಿ.