ಸಸಿಗೂ ಹೊದಿಕೆ ಬೇಕು
(ಮಹಿಳೆಯರ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ನಾನು ಗುಂಡ್ಲುಪೇಟೆ ಕಡೆಯವಳು. ಮದುವೆಯಾಗಿ ಊಟಿಗೆ ಹೋದೆ. ಊಟಿ ನೀಲಗಿರಿ ಬೆಟ್ಟದ ಮೇಲಿದೆ. ಸಮುದ್ರ ಮಟ್ಟದಿಂದ 2,200 ಮೀಟರಿಗೂ ಹೆಚ್ಚು ಎತ್ತರ. ಡಿಸೆಂಬರ್, ಜನವರಿ ತಿಂಗಳಲ್ಲಿ ಅಲ್ಲಿ ಭಾರಿ ಚಳಿ. ಕೆಲವು ರಾತ್ರಿ ನೀರೂ ಗಡ್ಡೆ ಕಟ್ಟುತ್ತದೆ. ಬೆಳಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ. ಅದೇ ಹಿಮ.

ಅಲ್ಲಿ ನಾವು ಹತ್ತು ಜನ ಹೆಂಗಸರು ಸಂಘ ಕಟ್ಟಿದೆವು. ಸಾಲ ತೆಗೆದು ಸಿಲ್ವರ್ ಓಕ್ ಸಸಿ ಬೆಳೆಸಿದೆವು. ಟೀ ತೋಟದಲ್ಲಿ ನೆರಳಿಗೆ ಈ ಮರ ಬೇಕು. ಸಸಿ ಮಾರಿ ಸಾಲ ತೀರಿಸೋಣ ಅಂತ ನಮ್ಮ ಲೆಕ್ಕ.

ಒಂದು ರಾತ್ರಿ ಹಿಮ ಬಿತ್ತು. ಬಿಸಿಲು ಏರಿದ ಮೇಲೆ ಎಲೆಗಳೆಲ್ಲ ಬೆಂಕಿ ತಾಗಿದ ಹಾಗೆ ಕಪ್ಪಾದವು. ಸಾಲದ ಗತಿ ಏನು? ಅಳುತ್ತಾ ಕೂತೆವು. “ಎಲ್ಲಾ ಸತ್ತವು, ಕಿತ್ತು ಎಸೆಯೋಣ” ಅಂದೆ ನಾನು.

ಪಕ್ಕದ ಹಟ್ಟಿಯಿಂದ ಬಡಗರ ಅಜ್ಜಿಯೊಬ್ಬರು ಬಂದರು. ಒಂದು ಸಸಿಯ ಕಾಂಡವನ್ನು ಉಗುರಿನಿಂದ ಮೆಲ್ಲಗೆ ಕೆರೆದರು. ತೊಗಟೆಯ ಕೆಳಗೆ ಹಸಿರು ಇತ್ತು. “ಇನ್ನೂ ಜೀವ ಇದೆ ಕಣಮ್ಮ. ತಾಳು. ಈಗಲೇ ಕತ್ತರಿ ಹಾಕಬೇಡ” ಅಂದರು.

ಕಾದೆವು. ಚಳಿ ಕಳೆದ ಮೇಲೆ ಹಲವು ಸಸಿ ಚಿಗುರಿದವು. ಆಗ ಒಣಗಿದ ತುದಿ ಕತ್ತರಿಸಿದೆವು. ತಗ್ಗಿನಲ್ಲಿ ಇಟ್ಟಿದ್ದ ಸಸಿಗಳು ಮಾತ್ರ ಬದುಕಲಿಲ್ಲ.

ಯಾಕೆ ಹೀಗಾಯಿತು? ಎಲೆಯ ಒಳಗೆ ನೀರು ಇರುತ್ತದೆ. ಅದು ಗಡ್ಡೆ ಕಟ್ಟಿದರೆ ಎಲೆ ಸಾಯುತ್ತದೆ. ತಣ್ಣನೆಯ ಗಾಳಿ ಭಾರ. ಅದು ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತದೆ. ದೊಡ್ಡ ಮರದ ಬೇರು ಭೂಮಿಯ ಒಳಗೆ ಬೆಚ್ಚಗಿರುತ್ತದೆ. ಚೀಲದ ಸಸಿಗೆ ಆ ಆಸರೆ ಎಲ್ಲಿದೆ? ಅದರ ಬೇರಿಗೆ ಸುತ್ತಲೂ ಚಳಿ.

ಮರುವರ್ಷ ನಾವು ಹುಷಾರಾದೆವು. ಏನು ಮಾಡಿದೆವು, ಕೇಳಿ.

ಸಸಿಗಳನ್ನು ತಗ್ಗಿನಿಂದ ಮೇಲಕ್ಕೆ ತಂದೆವು. ಚೀಲಗಳನ್ನು ಒತ್ತಾಗಿ ಜೋಡಿಸಿ ಸುತ್ತ ಮಣ್ಣು ಏರಿಸಿದೆವು. ಬೆಳಗ್ಗೆಯೇ ನೀರು ಹಾಕಿದೆವು. ಒದ್ದೆ ಮಣ್ಣು ಹಗಲಿನ ಬಿಸಿಯನ್ನು ಹಿಡಿದಿಡುತ್ತದೆ. ಚಳಿಗಾಲ ಹತ್ತಿರ ಬಂದಾಗ ಯೂರಿಯಾ ನಿಲ್ಲಿಸಿದೆವು. ಇಲ್ಲದಿದ್ದರೆ ಎಳೆ ಚಿಗುರು ಬರುತ್ತದೆ, ಅದೇ ಹಿಮಕ್ಕೆ ಮೊದಲ ತುತ್ತು.

ಮೋಡ ಭೂಮಿಗೆ ಕಂಬಳಿ ಇದ್ದ ಹಾಗೆ. ಮೋಡವಿಲ್ಲದೆ, ಗಾಳಿ ಬೀಸದೆ, ಚುಕ್ಕಿ ಫಳಫಳ ಹೊಳೆಯುವ ರಾತ್ರಿಯೇ ಹಿಮದ ರಾತ್ರಿ. ಅಂಥ ದಿನ ಸಂಜೆಯೇ ಗಳ ಕಟ್ಟಿ, ಮೇಲೆ ಒಣಹುಲ್ಲು ಹೊದಿಸಿದೆವು. ಬೆಳಗ್ಗೆ ಬಿಸಿಲು ಬಂದ ಮೇಲೆ ತೆಗೆದೆವು. ಹಿಮ ಬಿದ್ದ ದಿನವನ್ನು ನಾನು ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಆಗ ತಾನೇ ಅಕ್ಷರ ಕಲಿತಿದ್ದೆ.

ನಮ್ಮ ಬಯಲು ಸೀಮೆಯಲ್ಲಿ ಹಾಗೆ ಹಿಮ ಬೀಳದು. ಆದರೂ ಚಳಿಗೆ ಬಾಳೆ, ಪರಂಗಿ ಗಿಡ ಸೊರಗುತ್ತವೆ. ಎಳೆ ಸಸಿಗೆ ರಾತ್ರಿ ಹೊದಿಕೆ ಕೊಡಿ. ಸಸಿಯ ಎಲೆ ಬಾಡಿತು ಅಂತ ಕೂಡಲೇ ಕೀಳಬೇಡಿ. ಕಾಂಡವನ್ನು ಉಗುರಿನಿಂದ ಕೆರೆದು ನೋಡಿ. ಹಸಿರು ಕಂಡರೆ ಕಾಯಿರಿ.

ಆ ವರ್ಷ ಸಸಿಗಳೆಲ್ಲ ಮಾರಾಟವಾದವು. ಸಾಲದ ಪುಸ್ತಕ ನನ್ನ ಕೈಗೆ ಬಂತು. ಬೆರಳಿಟ್ಟು ನಾನೇ ಓದಿದೆ: “ಬಾಕಿ ಇಲ್ಲ.”