ಅಯಾನಿಗೂ ಎಲೆಕ್ಟ್ರಾನಿನ ಆಸೆ ಇರುತ್ತಾ?

ನಾನು ಪಿಯುಸಿಗೆ ಕೆಮಿಸ್ಟ್ರಿ ಪಾಠ ಮಾಡ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು: "ಸರ್, ಸೋಡಿಯಂನ ಎಲೆಕ್ಟ್ರೊನೆಗೆಟಿವಿಟಿ 0.93. ಎಲೆಕ್ಟ್ರಾನ್ ಕಳಕೊಂಡ ಸೋಡಿಯಂ ಅಯಾನಿಗೂ ಅಷ್ಟೇನಾ?" "ಅಯಾನಿಗೆ ಅದು ಅನ್ವಯಿಸಲ್ಲ, ಕೂತ್ಕೋ" ಅಂದುಬಿಟ್ಟೆ. ಅರ್ಧ ತಪ್ಪು ಹೇಳಿದ್ದೆ.

1932ರಲ್ಲಿ ಪೌಲಿಂಗ್ ಕೊಟ್ಟ ಅಂಕಿಗಳು ಬಂಧಗಳ ಶಕ್ತಿಯಿಂದ ಬಂದವು. ಬಂಧದಲ್ಲಿರುವ ಪರಮಾಣು ಎಲೆಕ್ಟ್ರಾನನ್ನು ತನ್ನತ್ತ ಎಷ್ಟು ಎಳೆಯುತ್ತೆ ಅನ್ನೋದೇ ಅವುಗಳ ಅರ್ಥ. ಒಂಟಿ ಅಯಾನಿಗೆ ಬಂಧವೇ ಇಲ್ಲವಲ್ಲ! 1934ರಲ್ಲಿ ಮಲಿಕನ್ ಬೇರೆ ದಾರಿ ಹಿಡಿದರು: ಒಂದು ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ, ಒಂದು ಬಂದು ಸೇರಿದಾಗ ಹೊರಬರುವ ಶಕ್ತಿ, ಇವೆರಡರ ಸರಾಸರಿ. ಇದನ್ನು ಸೋಡಿಯಂ ಅಯಾನಿಗೆ ಹಾಕಿ ನೋಡಿ. 47.3 ಮತ್ತು 5.1, ಸರಾಸರಿ ಸುಮಾರು 26 ಎಲೆಕ್ಟ್ರಾನ್ ವೋಲ್ಟ್. ಫ್ಲೋರಿನ್ ಪರಮಾಣುವಿಗೇ 10.4! ಹಾಗಂತ ಉಪ್ಪಿನಲ್ಲಿರೋ ಸೋಡಿಯಂ ಫ್ಲೋರಿನ್‌ಗಿಂತ ಹಸಿದು ಕೂತಿದೆ ಅಂತಲ್ಲ. ಆ 47.3 ಒಳಕವಚ ಒಡೆಯೋ ಖರ್ಚು. ಸೋಡಿಯಂನ ಮಾಮೂಲಿ ಕ್ರಿಯೆಗಳು ಅಲ್ಲಿಗೆ ಕೈಹಾಕೋದೇ ಇಲ್ಲ.

ಆದರೆ ಬಂಧದೊಳಗೂ ಒಂದು ಧಾತುವಿಗೆ ಒಂದೇ ಅಂಕಿ ಅಂತಿಲ್ಲ. ಪೌಲಿಂಗ್ ಅಳತೆಯಲ್ಲೇ ಸೀಸಕ್ಕೆ +2 ಸ್ಥಿತಿಯಲ್ಲಿ 1.87, +4ರಲ್ಲಿ 2.33. ಸರ್ಕ್ಯೂಟ್ ಬೋರ್ಡಿನ ತಾಮ್ರ ಕರಗಿಸೋ ಫೆರಿಕ್ ಕ್ಲೋರೈಡ್ ದ್ರಾವಣ ಆಮ್ಲೀಯ. ಯಾಕೆ? +3 ಕಬ್ಬಿಣ ತನಗೆ ಅಂಟಿದ ನೀರಿನ ಆಕ್ಸಿಜನ್‌ನಿಂದ ಎಲೆಕ್ಟ್ರಾನುಗಳನ್ನು ಸೆಳೆಯುತ್ತೆ, ಆ ನೀರಿನ ಪ್ರೋಟಾನ್ ಸಡಿಲವಾಗುತ್ತೆ.

"ಯಾವ ಅಳತೆಯಲ್ಲಿ ಕೇಳ್ತಿದೀಯಮ್ಮಾ?" ಅನ್ನಬೇಕಿತ್ತು ಅವತ್ತು.